ಫಾರಮ್ಮ ಹೊಡೆದುಹಾಕದ ಹೆಸರು

ಬೇರೆಯವರ ತಪ್ಪು ಹುಡುಕುವುದು ನನ್ನ ಕೆಲಸ. ಅದಕ್ಕೇ ಸಂಬಳ ಕೊಡುತ್ತಾರೆ, ಆದ್ದರಿಂದ ಯಾರೂ ಮುಖ ಸಿಂಡರಿಸಿಕೊಳ್ಳಬಾರದು. ಆದರೂ ಸಿಂಡರಿಸಿಕೊಳ್ಳುತ್ತಾರೆ. ಮನೆಮನೆ ಸಮೀಕ್ಷೆಯ ಕಚೇರಿಯಲ್ಲಿ ಇಪ್ಪತ್ತೊಂದು ವರ್ಷದಿಂದ ಒಂದೇ ಮೇಜಿನ ಹಿಂದೆ ಕೂತಿದ್ದೇನೆ. ಹೊರಗೆ ಸುತ್ತುವವರು ಫಾರಂ ತುಂಬಿ ತರುತ್ತಾರೆ, ನಾನು ಸಾಲು ಸಾಲಾಗಿ ನೋಡುತ್ತೇನೆ. ಅಪ್ಪನಿಗೆ ಮೂವತ್ತು ವರ್ಷ, ಮಗನಿಗೆ ಇಪ್ಪತ್ತಾರು ಅಂತ ಬರೆದು ತಂದರೆ ಬಿಡುತ್ತೇನೆಯೇ? ಬೆನ್ನ ಹಿಂದೆ ನನ್ನನ್ನು ‘ಕೆಂಪು ಪೆನ್ನು’ ಎಂದು ಕರೆಯುತ್ತಾರಂತೆ. ಕರೆಯಲಿ, ನನ್ನ ಗಂಟೇನು ಹೋಗಬೇಕು. ಈಗ ಹೇಳಲು ಹೊರಟಿರುವುದು ನನ್ನ ಕಥೆಯಲ್ಲ, ಫಾರಮ್ಮನದು.

ಆ ಹೆಸರನ್ನು ಇಟ್ಟವರು ಬೀದಿಯ ಮಕ್ಕಳು. ಹೆಗಲಿಗೆ ಕಂದು ಚೀಲ, ಚೀಲದ ತುಂಬ ಫಾರಂ, ಕಾಲಿಗೆ ಮೂರು ಸಲ ಹೊಲಿಸಿದ ಚಪ್ಪಲಿ. ಬೀದಿಯ ತಿರುವಿನಲ್ಲಿ ಆಕೆ ಕಂಡರೆ ಸಾಕು, “ಫಾರಮ್ಮ ಬಂದ್ರು! ಫಾರಮ್ಮ ಬಂದ್ರು!” ಎಂದು ಮನೆಮನೆಗೂ ಸುದ್ದಿ ಮುಟ್ಟುತ್ತಿತ್ತು. ಹಾಗೆ ಕೂಗಿದವರಲ್ಲಿ ಕೆಲವರಿಗೆ ಈಗ ಮಕ್ಕಳಾಗಿವೆ, ಅವೂ ಹಾಗೇ ಕೂಗುತ್ತವೆ. ಕೆಲಸಕ್ಕೆ ಸೇರಿದಾಗ ಆಕೆಗೆ ಇಪ್ಪತ್ತನಾಲ್ಕು ವರ್ಷ. ಮೂರೇ ತಿಂಗಳ ಕೆಲಸ ಎಂದು ಹೇಳಿ ಸೇರಿಸಿಕೊಂಡಿದ್ದರು. ಆ ಮೂರು ತಿಂಗಳು ಇನ್ನೂ ಮುಗಿದಿಲ್ಲ.

ನಮ್ಮ ಸಮೀಕ್ಷೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಜನ ತಮ್ಮ ಸೀಮೆ ಬಿಟ್ಟು ಇನ್ನೊಂದು ಸೀಮೆಗೆ ಯಾಕೆ ಹೋಗುತ್ತಾರೆ, ಹೋದವರು ಅಲ್ಲೇ ನಿಲ್ಲುತ್ತಾರೋ ತಿರುಗಿ ಬರುತ್ತಾರೋ, ಹಿಂದೆ ಉಳಿದವರ ಗತಿ ಏನಾಗುತ್ತದೆ, ಇದನ್ನೆಲ್ಲ ತಿಳಿಯಲು ನಮ್ಮ ಮೇಷ್ಟ್ರು ಇದನ್ನು ಶುರು ಮಾಡಿದರು. ಬಯಲಿನ ಕಡೆ ಮುನ್ನೂರು ಮನೆ, ಬಂದರಿನ ಕಡೆ ಕಾರ್ಖಾನೆಗಳ ನಡುವೆ ಮುನ್ನೂರು ಮನೆ. ಮೂರು ವರ್ಷಕ್ಕೊಮ್ಮೆ ಒಂದು ಸುತ್ತು. ಅದೇ ಮನೆ, ಅದೇ ಬಾಗಿಲು, ಅದೇ ಪ್ರಶ್ನೆ. “ಒಂದೇ ಫೋಟೋ ನೋಡಿ ಮಗು ಬೆಳೀತಿದೆ ಅಂತ ಹೇಳೋಕಾಗುತ್ತಾ?” ಎನ್ನುತ್ತಿದ್ದರು ಮೇಷ್ಟ್ರು. “ಮತ್ತೆ ಮತ್ತೆ ಹೋಗಿ ನೋಡ್ಬೇಕಪ್ಪ. ಬೇಜಾರಾದ್ರೂ ಹೋಗ್ಬೇಕು.” ಅವರಿಗೇನು, ಹೇಳುತ್ತಾರೆ. ಹೋಗುತ್ತಿದ್ದವಳು ಫಾರಮ್ಮ.

ಆಕೆ ಹೋಗುವ ರೀತಿಯೇ ಬೇರೆ. ಹೊಸಬರು ಬಾಗಿಲಲ್ಲೇ ನಿಂತು “ಮನೆಯ ಯಜಮಾನರು ಯಾರು? ವರಮಾನ ಎಷ್ಟು?” ಎಂದು ಪೊಲೀಸರ ಥರ ಕೇಳಿ ಮುಖಕ್ಕೆ ಬಾಗಿಲು ಹಾಕಿಸಿಕೊಂಡು ಬರುತ್ತಾರೆ. ಫಾರಮ್ಮ ಒಳಗೆ ಹೋಗಿ ನೆಲದ ಮೇಲೆ ಕೂತು, ಆ ಮನೆಯವರು ಬಟಾಣಿ ಬಿಡಿಸುತ್ತಿದ್ದರೆ ತಾನೂ ನಾಲ್ಕು ಕಾಯಿ ಎತ್ತಿಕೊಂಡು ಬಿಡಿಸುತ್ತಾ, “ನಿನ್ನೆ ರಾತ್ರಿ ಈ ಮನೇಲಿ ಯಾರ್ಯಾರು ಮಲಗಿದ್ರಿ?” ಎಂದು ಶುರು ಮಾಡುತ್ತಿದ್ದಳು. ಅದು ಫಾರಂನ ಮೊದಲ ಪ್ರಶ್ನೆಯೇ. ಆದರೆ ಆಕೆಯ ಬಾಯಲ್ಲಿ ಅದು ಪಕ್ಕದ ಮನೆಯವಳು ಕೇಳಿದ ಹಾಗಿರುತ್ತಿತ್ತು. ಯಾರು ಮಲಗಿದ್ದರು ಎಂದರೆ ಯಾರು ಮಲಗಿರಲಿಲ್ಲ ಎನ್ನುವುದೂ ತಾನಾಗಿ ಹೊರಗೆ ಬರುತ್ತದೆ. ಊರು ಬಿಟ್ಟವರ ಲೆಕ್ಕ ಸಿಗುವುದು ಅಲ್ಲಿಯೇ.

ರೈಲ್ವೆ ಗೇಟಿನ ಹತ್ತಿರ ಒಬ್ಬ ಅಜ್ಜ ಇದ್ದ. ಯಾವ ಸುತ್ತಿನಲ್ಲಿ ಕೇಳಿದರೂ ವಯಸ್ಸು ಅರವತ್ತೆರಡು. ಮೂರನೇ ಸಲವೂ ಅರವತ್ತೆರಡು ಬಂದಾಗ ನಾನು ಫಾರಂ ವಾಪಸ್ ಕಳಿಸಿದೆ. ಆಕೆ ಮರುದಿನ ಬಂದು, “ಸರ್, ಕೇಳ್ದೆ. ಆ ವಯಸ್ಸು ಚೆನ್ನಾಗಿತ್ತಂತೆ, ಅದನ್ನೇ ಇಟ್ಕೊಂಡಿದಾರಂತೆ. ನೀವೇ ಬಂದು ಇಸ್ಕೊಳ್ಳಿ” ಎಂದಳು. ಇಡೀ ಕಚೇರಿ ನಕ್ಕಿತು. ನಾನು ನಗಲಿಲ್ಲ. ಮನೆಗೆ ಹೋಗಿ ನಕ್ಕೆ.

ಆಕೆಯ ಗಂಡ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವನು, ಒಳ್ಳೆಯ ಮನುಷ್ಯ. “ಊರವರ ಫಾರಂ ಎಲ್ಲ ತುಂಬ್ತಾಳೆ ಸರ್, ನಮ್ಮನೇದು ಮಾತ್ರ ಖಾಲಿ. ನಾನು ಉಂಡ್ನೋ ಇಲ್ವೋ ಅಂತ ಮೂರು ವರ್ಷಕ್ಕೊಂದು ಸಲನಾದ್ರೂ ಕೇಳ್ಬಾರ್ದಾ?” ಎಂದು ನನ್ನ ಹತ್ತಿರ ದೂರುತ್ತಿದ್ದ. ಅವನಿಗೂ ಆಕೆ ಯಾವ ಮನೆಯ ವಿಷಯವನ್ನೂ ಹೇಳಿದವಳಲ್ಲ. ಒಂದು ಮನೆಯ ಮಾತು ಇನ್ನೊಂದು ಮನೆಗೆ ಹೋಗಬಾರದು, ಇದು ನಮ್ಮ ಕೆಲಸದ ಮೊದಲ ನಿಯಮ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದೇ ಒಂದು ಮಾತು ಸೋರಿದರೂ ಮುಂದಿನ ಸುತ್ತಿಗೆ ಮುನ್ನೂರು ಬಾಗಿಲೂ ಮುಚ್ಚುತ್ತವೆ. ಬೇರೆಯವರು ಈ ನಿಯಮವನ್ನು ಪಾಲಿಸುತ್ತಿದ್ದರು. ಫಾರಮ್ಮನಿಗೆ ಅದು ರಕ್ತದಲ್ಲೇ ಇತ್ತು.

ಹೀಗಿದ್ದವಳು ತಪ್ಪು ಮಾಡಿದಳು. ಅದೂ ಒಂದು ದಿನದ ತಪ್ಪಲ್ಲ.

ಎಂಟನೇ ಸುತ್ತು ಶುರುವಾಗುವ ಹೊತ್ತಿಗೆ ಕಂಪ್ಯೂಟರ್ ವಿಭಾಗದವರು ಹಳೆಯ ಫಾರಂಗಳನ್ನೆಲ್ಲ ಒಂದಕ್ಕೊಂದು ತಾಳೆ ಹಾಕಿ ನನಗೊಂದು ಹಾಳೆ ಕಳಿಸಿದರು. ಒಬ್ಬ ಹೆಂಗಸು ಎರಡು ಮನೆಗಳಲ್ಲಿ ಇದ್ದಾಳೆ. ಅದೇ ಹೆಸರು, ಅದೇ ತಂದೆತಾಯಿ, ಹುಟ್ಟಿದ ಊರು ಮತ್ತು ವರ್ಷವೂ ಅದೇ. ಬಯಲಿನ ಕಡೆಯ ನಲವತ್ತೊಂದನೇ ಮನೆಯಲ್ಲಿ ಆಕೆ ‘ತಾತ್ಕಾಲಿಕವಾಗಿ ಹೊರಗೆ ಹೋಗಿರುವ ತಂಗಿ’. ಬಂದರಿನ ಕಡೆಯ ಇನ್ನೂರ ಏಳನೇ ಮನೆಯಲ್ಲಿ ಗಂಡ, ಮಗಳ ಜೊತೆ ಸಂಸಾರ ಮಾಡುತ್ತಿರುವ ಗೃಹಿಣಿ. ಒಬ್ಬರನ್ನೇ ಎರಡು ಸಲ ಎಣಿಸುವುದು ನಮ್ಮ ಕೆಲಸದಲ್ಲಿ ಮಹಾಪಾಪ. ಆರು ತಿಂಗಳಿಗಿಂತ ಹೆಚ್ಚು ದಿನ ಹೊರಗಿದ್ದರೆ ಹೆಸರು ಹೊಡೆದುಹಾಕಬೇಕು, ಅದು ನಿಯಮ. ಈ ತಂಗಿ ‘ತಾತ್ಕಾಲಿಕವಾಗಿ’ ಹೊರಗೆ ಹೋಗಿ ಹತ್ತೊಂಬತ್ತು ವರ್ಷವಾಗಿತ್ತು! ಎರಡನೇ ಸುತ್ತಿನಿಂದ ಏಳನೇ ಸುತ್ತಿನವರೆಗೆ ಆರು ಫಾರಂ, ಎಲ್ಲದರಲ್ಲೂ ಫಾರಮ್ಮನ ಕೈಬರಹ, ಎಲ್ಲದರ ಕೆಳಗೂ ಪರೀಕ್ಷಿಸಿದ್ದೇನೆ ಎಂದು ನನ್ನ ಸಹಿ. ನನಗೆ ಮೈಯೆಲ್ಲ ಉರಿದುಹೋಯಿತು.

“ಏನಮ್ಮಾ ಇದು? ನನ್ನ ಕಣ್ಣಿಗೆ ಮಣ್ಣೆರಚಿದ್ಯಾ?” ಎಂದು ಆಕೆಯನ್ನು ಕರೆದು ಹಾಳೆ ಮುಂದೆ ಹಿಡಿದೆ.

ಆಕೆ ನೋಡಿದಳು. “ಗೊತ್ತಿತ್ತು ಸರ್” ಎಂದಳು.

“ಗೊತ್ತಿತ್ತಾ? ಯಾವಾಗಿಂದ?”

“ಐದನೇ ಸುತ್ತಿಂದ. ಅಲ್ಲಿ ಜನ ಸಾಲ್ದೆ ನನ್ನ ಬಂದರಿನ ಕಡೆ ಕಳಿಸಿದ್ರಲ್ಲ, ಆವಾಗ. ಬಾಗಿಲು ತೆಗೆದೋಳು ಅವಳೇ. ಮೊದಲ ಸುತ್ತಲ್ಲಿ ಅವರಕ್ಕನ ಮನೇಲಿ ನೋಡಿದ್ದೆ, ಇಬ್ಬರಿಗೂ ಗುರುತು ಸಿಕ್ತು.”

ಆಮೇಲೆ ನಿಧಾನವಾಗಿ ಎಲ್ಲ ಹೇಳಿದಳು. ನಲವತ್ತೊಂದನೇ ಮನೆಯಲ್ಲಿ ಅಕ್ಕತಂಗಿ ಇಬ್ಬರೇ. ಅಕ್ಕ ಹೊಲಿಗೆಯವಳು. ತಂದೆತಾಯಿ ಹೋದ ಮೇಲೆ ಒಂಬತ್ತು ವರ್ಷ ಚಿಕ್ಕವಳಾದ ತಂಗಿಯನ್ನು ಮಗಳಂತೆ ಸಾಕಿ, ನರ್ಸ್ ಓದಿಗೆ ಸೇರಿಸಿದ್ದಳು. ತಂಗಿ ಓದನ್ನು ಅರ್ಧಕ್ಕೇ ಬಿಟ್ಟು, ಲಾರಿ ರಿಪೇರಿ ಮಾಡುವ ಒಬ್ಬನ ಜೊತೆ ಬಂದರಿನ ಕಡೆ ಹೋಗುತ್ತೇನೆ ಎಂದಳು. “ಹೋಗು. ಇವತ್ತಿಂದ ನೀನು ನನ್ನ ಪಾಲಿಗೆ ಸತ್ತೆ” ಎಂದಳು ಅಕ್ಕ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಅವತ್ತು ಹೋದ ತಂಗಿಯಿಂದ ಒಂದು ಕಾಗದವಿಲ್ಲ, ಒಂದು ಸುದ್ದಿಯಿಲ್ಲ. ಎರಡನೇ ಸುತ್ತಿನಲ್ಲಿ ಫಾರಮ್ಮ ಹೆಸರು ಹೊಡೆಯಲು ಹೋದಾಗ ಅಕ್ಕ ಕೈ ಹಿಡಿದುಕೊಂಡು, “ಬರ್ತಾಳೆ, ಹೊಡೀಬೇಡ” ಎಂದಳಂತೆ. ಫಾರಮ್ಮ ಹೊಡೆಯಲಿಲ್ಲ. ಮುಂದಿನ ಸಲವೂ ಹೊಡೆಯಲಿಲ್ಲ.

“ಐದನೇ ಸುತ್ತಲ್ಲಿ ತಂಗಿ ಸಿಕ್ಕಾಗಲಾದ್ರೂ ಹೇಳ್ಬೇಕಿತ್ತು!” ಎಂದೆ.

“ಯಾರಿಗೆ ಹೇಳ್ಲಿ ಸರ್? ನಿಮಗೆ ಹೇಳಿದ್ರೆ ಹೆಸರು ಹೊಡಿ ಅಂತೀರ. ಅಕ್ಕನಿಗೆ ಹೇಳಿದ್ರೆ ನಿಯಮ ಮುರೀತೀನಿ. ಅವಳು ಪ್ರತಿ ಸಲ ಕೇಳ್ತಾಳೆ, ಊರೂರು ಸುತ್ತೋಳು ನೀನು, ಎಲ್ಲಾದ್ರೂ ಕಂಡ್ಯಾ ಅಂತ. ನಾನು ಫಾರಂ ನೋಡ್ಕೊಂಡು ಕೂತ್ಕೋತೀನಿ.” ಆಕೆ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. “ಸರ್, ನಮ್ಮಮ್ಮ ಕಟ್ಟಡದ ಕೆಲಸಕ್ಕೆ ಊರೂರು ಅಲೀತಿದ್ಲು. ನಾನು ಏಳು ಶಾಲೆಗೆ ಹೋದೆ. ಏಳರಲ್ಲೂ ರಿಜಿಸ್ಟರಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದ್ರು. ಒಂದು ಸಲ ನಾನೇ ಎದುರಿಗೆ ನಿಂತು ನೋಡ್ದೆ. ಒಬ್ಬರ ಹೆಸರಿನ ಮೇಲೆ ಗೆರೆ ಎಳೆಯೋದು ನನ್ನ ಕೈಲಿ ಆಗಲ್ಲ.”

ಇಪ್ಪತ್ತೊಂದು ವರ್ಷ ಎದುರುಬದುರು ಕೂತಿದ್ದೆವು. ಇದನ್ನು ನನಗೆ ಹೇಳಿದ್ದು ಅದೇ ಮೊದಲು. ಏನು ಹೇಳಬೇಕೋ ತಿಳಿಯದಿದ್ದಾಗ ನಾನು ಗದರುತ್ತೇನೆ, ಅದು ನನ್ನ ಕೆಟ್ಟ ಚಾಳಿ. “ಅದೆಲ್ಲ ಇರ್ಲಿ. ಈ ಸಲ ಹೆಸರು ಹೊಡೀಲೇಬೇಕು. ನಾನೇ ಜೊತೆಗೆ ಬರ್ತೀನಿ” ಎಂದು ಕಡ್ಡಿ ಮುರಿದಂತೆ ಹೇಳಿದೆ.

ಹೊಲಿಗೆಯ ಅಕ್ಕನ ಮನೆ ಎರಡೇ ಕೋಣೆ. ಮುಂದಿನದರಲ್ಲಿ ಯಂತ್ರ, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಸಿದ್ಧ ಬಟ್ಟೆಗಳು, ಒಂದೊಂದಕ್ಕೂ ಅಳತೆಯ ಚೀಟಿ. ನಲವತ್ತೆಂಟು ವರ್ಷದ ಹೆಂಗಸು. ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ಇವರು ಯಾರು, ನಿನ್ನ ಸಾಹೇಬ್ರಾ? ತೆಳ್ಳಗಿದಾರೆ. ಕೂತ್ಕೊಳ್ಳಿ, ಸೂಜಿ ನೋಡ್ಕೊಂಡು ಕೂತ್ಕೊಳ್ಳಿ” ಎಂದಳು. ಟೀ ತಂದಿಟ್ಟಳು. ಏಳು ಸುತ್ತು ಉತ್ತರ ಕೊಟ್ಟವಳಿಗೆ ಫಾರಂ ಬಾಯಿಪಾಠ. ಫಾರಮ್ಮ ಕೇಳುವ ಮೊದಲೇ, “ನಿನ್ನೆ ರಾತ್ರಿ ಮಲಗಿದ್ದು ನಾನೊಬ್ಬಳೇ. ಒಲೆ ಗ್ಯಾಸಿಂದು. ನೀರು ದಿನ ಬಿಟ್ಟು ದಿನ. ಮುಂದಿನ ಪುಟ ತಿರುವು” ಎನ್ನುತ್ತಾ ಹೋದಳು.

ತಂಗಿಯ ಸಾಲು ಬಂತು. ಫಾರಮ್ಮನ ಪೆನ್ನು ನಿಂತಿತು. ನಾನು ಗಂಟಲು ಸರಿಮಾಡಿಕೊಂಡು, “ನೋಡಮ್ಮ, ಇಷ್ಟು ವರ್ಷ ಹೊರಗಿರೋರನ್ನ ಈ ಮನೆ ಲೆಕ್ಕದಲ್ಲಿ ಇಡೋ ಹಾಗಿಲ್ಲ. ಹೆಸರು ತೆಗೀಬೇಕು” ಎಂದೆ.

ಅಕ್ಕ ಜಗಳಕ್ಕೆ ಬರಲಿಲ್ಲ. ಕನ್ನಡಕ ತೆಗೆದು ಬಟ್ಟೆಯ ತುಂಡಿನಿಂದ ಒರೆಸಿದಳು. “ತೆಗೀರಿ. ಆದ್ರೆ ತೆಗೆಯೋವಾಗ ಕಾರಣದ ನಂಬರ್ ಬರೀಬೇಕಲ್ವಾ? ಮೂರು ಅಂದ್ರೆ ಬೇರೆ ಊರಲ್ಲಿದಾರೆ. ನಾಲ್ಕು ಅಂದ್ರೆ ಸತ್ತಿದಾರೆ. ಗೊತ್ತಿಲ್ಲ ಅನ್ನೋಕೆ ಐದು.” ಆಮೇಲೆ ಫಾರಮ್ಮನ ಮುಖವನ್ನೇ ನೋಡುತ್ತಾ, “ನೀನು ಸುಳ್ಳು ಬರೆಯೋಳಲ್ಲ. ಬರಿ. ನಾನು ನೋಡ್ತೀನಿ” ಎಂದಳು.

ಮೂರು ಬರೆದರೆ ತಂಗಿಯ ಮನೆಯ ಗುಟ್ಟು ಹೊರಗೆ ಬಿತ್ತು. ಐದು ಬರೆದರೆ ಸುಳ್ಳು. ನಾಲ್ಕರ ಮಾತು ಬಾಯಲ್ಲೂ ಬೇಡ. ಆ ಹೆಂಗಸಿಗೆ ಬೇಕಾಗಿದ್ದದ್ದು ಒಂದೇ, ತಂಗಿ ಬದುಕಿದ್ದಾಳೋ ಇಲ್ಲವೋ ಎನ್ನುವುದು. ಅದಕ್ಕಾಗಿ ಆಕೆ ಫಾರಮ್ಮನ ಪೆನ್ನಿನ ತುದಿಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಫಾರಮ್ಮ ಪೆನ್ನಿಗೆ ಮುಚ್ಚಳ ಹಾಕಿ ಎದ್ದು ನಿಂತಳು. “ಇನ್ನೊಂದು ಸಲ ಬರ್ತೀನಿ” ಎಂದಳು. ಅಕ್ಕ ಯಂತ್ರದ ಕಡೆ ತಿರುಗಿದಳು. ನಮ್ಮ ಟೀ ಹಾಗೇ ಉಳಿಯಿತು.

ಬೀದಿಗೆ ಬಂದ ಮೇಲೆ ನನಗೆ ನನ್ನ ಮೇಲೇ ಕೋಪ ಬಂತು. ತಪ್ಪು ಹುಡುಕುವುದರಲ್ಲಿ ನಾನು ಜಾಣ ಎಂದುಕೊಂಡಿದ್ದೆ. ಇಲ್ಲಿ ತಪ್ಪು ಸಿಕ್ಕಿತ್ತು, ತಿದ್ದಲು ಹೊರಟರೆ ಒಬ್ಬಳ ಜೀವ ಹಿಂಡಿದ ಹಾಗಾಗುತ್ತಿತ್ತು. ಮರುದಿನ ಬೆಳಗ್ಗೆ ಬೇಗ ಕಚೇರಿಗೆ ಹೋಗಿ ನಿಯಮದ ಪುಸ್ತಕ ತೆಗೆದು ಕೂತೆ. ಇಪ್ಪತ್ತೊಂದು ವರ್ಷ ಅದನ್ನು ಇನ್ನೊಬ್ಬರ ತಲೆಗೆ ಕುಟ್ಟಲು ಬಳಸಿದ್ದೆ. ಒಂದು ಉಪಕಾರಕ್ಕಾಗಿ ಅದರಲ್ಲಿ ಹುಡುಕಿದ್ದು ಅವತ್ತೇ ಮೊದಲು.

ಸಿಕ್ಕಿತು. ಪುಸ್ತಕದಲ್ಲಿ ಅಲ್ಲ, ಒಪ್ಪಿಗೆಯ ಹಾಳೆಯಲ್ಲಿ. ಪ್ರತಿ ಮನೆಯಲ್ಲೂ ಪ್ರಶ್ನೆ ಕೇಳುವ ಮೊದಲು ನಾವೊಂದು ಹಾಳೆ ಓದಿ ಸಹಿ ಹಾಕಿಸಿಕೊಳ್ಳುತ್ತೇವೆ. ರೈಲು ತಪ್ಪಿಹೋಗುತ್ತದೇನೋ ಎಂಬಂತೆ ಎಲ್ಲರೂ ಅದನ್ನು ಗಡಗಡ ಓದುತ್ತಾರೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಅದರ ಐದನೇ ಸಾಲು: ತಮ್ಮ ಬಗ್ಗೆ ಏನು ಬರೆಯಲಾಗಿದೆ ಎಂಬುದನ್ನು ನೋಡಲು ಯಾರು ಬೇಕಾದರೂ ಕೇಳಬಹುದು, ಕೇಳಿದರೆ ತೋರಿಸತಕ್ಕದ್ದು.

ಮೇಷ್ಟ್ರಿಗೆ ಫೋನ್ ಮಾಡಿದೆ. ಈಗ ಎಪ್ಪತ್ತೈದು ದಾಟಿದ್ದಾರೆ, ಕಿವಿ ಮಂದ, ತಲೆ ಚುರುಕು. ಎಲ್ಲವನ್ನೂ ಕೇಳಿಸಿಕೊಂಡು, “ಅವಳ ಬಗ್ಗೆ ಬರೆದದ್ದು ಅವಳದ್ದಪ್ಪ. ಆ ಮನೆಯ ಮಿಕ್ಕಿದ್ದೆಲ್ಲ ಅಕ್ಕನದ್ದು. ಮಿಕ್ಕಿದ್ದನ್ನ ಮುಚ್ಚಿ, ಅವಳ ಸಾಲು ಮಾತ್ರ ತೋರ್ಸಿ. ಆದ್ರೆ ಅವಳೇ ಕೇಳ್ಬೇಕು. ನೀವು ಹೇಳಿಕೊಟ್ಟು ಕೇಳಿಸ್ಬಾರ್ದು” ಎಂದರು. ಕೊನೆಗೆ, “ನಿಧಾನವಾಗಿ ಓದ್ಬಾರ್ದು ಅಂತ ಎಲ್ಲೂ ಬರ್ದಿಲ್ಲ” ಎಂದು ಸೇರಿಸಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಒಂಬತ್ತು ತಾಸು ರೈಲಿನಲ್ಲಿ ಕೂತು ಫಾರಮ್ಮ, ನಾನು ಬಂದರಿನ ಕಡೆ ಹೋದೆವು. ಆ ಮನೆಯ ಎಂಟನೇ ಸುತ್ತು ಹೇಗೂ ಬಾಕಿಯಿತ್ತು. ಚೀಲದಲ್ಲಿ ನಲವತ್ತೊಂದನೇ ಮನೆಯ ಆರು ಹಳೆಯ ಫಾರಂ, ಎರಡು ರಟ್ಟಿನ ತುಂಡು. ದಾರಿಯಲ್ಲಿ ಒಮ್ಮೆ ಆಕೆ, “ಅವಳು ಕೇಳದೇ ಹೋದ್ರೆ?” ಎಂದಳು. “ಹಾಗೇ ವಾಪಸ್ ಬರೋದು” ಎಂದೆ. ಸಮಾಧಾನ ಹೇಳುವ ಕಲೆ ನನಗೆ ಗೊತ್ತಿಲ್ಲ.

ಕಾರ್ಖಾನೆಯ ಗೋಡೆಗೆ ಹೊಂದಿಕೊಂಡ ಮನೆಗಳ ಸಾಲು, ಎಲ್ಲಕ್ಕೂ ಒಂದೇ ನೀಲಿ ಬಾಗಿಲು. ತಂಗಿ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಮೇಲ್ವಿಚಾರಕಿ, ಅವತ್ತು ವಾರದ ರಜೆ. ಗಂಡ ಗ್ಯಾರೇಜಿಗೆ, ಮಗಳು ಶಾಲೆಗೆ ಹೋಗಿದ್ದರು. ಫಾರಮ್ಮನನ್ನು ಕಂಡ ಕೂಡಲೇ ಅವಳ ಮುಖ ಅರಳಿತು, ಕೂಡಲೇ ಎಚ್ಚರವೂ ಆಯಿತು. “ಬನ್ನಿ ಅಕ್ಕಾ. ಈ ಸಲನೂ ನಾನು ಕೇಳ್ತೀನಿ, ನೀವು ಹೇಳಲ್ಲ ಅಲ್ವಾ?” ಎಂದಳು. ಫಾರಮ್ಮ ನಗಲು ನೋಡಿದಳು, ಆಗಲಿಲ್ಲ.

ಒಪ್ಪಿಗೆಯ ಹಾಳೆಯನ್ನು ನಾನೇ ಓದಿದೆ. ಜನ್ಮದಲ್ಲಿ ಅಷ್ಟು ನಿಧಾನವಾಗಿ ಏನನ್ನೂ ಓದಿಲ್ಲ. ಐದನೇ ಸಾಲು ಓದಿ ನೀರು ಕೇಳಿದೆ. ಕುಡಿದೆ. ಎಲ್ಲಿದ್ದೆನೋ ಮರೆತವನಂತೆ ಐದನೇ ಸಾಲನ್ನು ಮತ್ತೊಮ್ಮೆ ಓದಿದೆ. ತಂಗಿ ನನ್ನನ್ನು ನೋಡಿದಳು, ಫಾರಮ್ಮನನ್ನು ನೋಡಿದಳು. ದಡ್ಡಿಯಲ್ಲ ಅವಳು.

“ನನ್ನ ಬಗ್ಗೆ ಏನೇನು ಬರ್ದಿದೀರ?” ಎಂದಳು. “ತೋರ್ಸಿ. ಎಲ್ಲ ತೋರ್ಸಿ.”

ಮೊದಲು ಅವಳದೇ ಮನೆಯ ಫಾರಂ ತೋರಿಸಿದೆವು. ಮದುವೆಯಾಗಿ ಬಂದದ್ದು, ನಡುವೆ ಎರಡು ಸಲ ಮನೆ ಬದಲಿಸಿದ್ದು, ಮಗಳು ಹುಟ್ಟಿದ್ದು. ಆಮೇಲೆ ಫಾರಮ್ಮ ಎರಡನೇ ಸುತ್ತಿನ ಹಳದಿಯಾದ ಹಾಳೆ ತೆಗೆದು ನೆಲದ ಮೇಲಿಟ್ಟು, ಮೇಲೊಂದು ಕೆಳಗೊಂದು ರಟ್ಟು ಮುಚ್ಚಿ, ನಡುವೆ ಒಂದೇ ಸಾಲು ಬಿಟ್ಟಳು. ತಂಗಿ ಬಗ್ಗಿದಳು.

ತನ್ನ ಹೆಸರು. ಸಂಬಂಧ: ತಂಗಿ. ಈಗ ಮನೆಯಲ್ಲಿದ್ದಾರೆಯೇ: ತಾತ್ಕಾಲಿಕವಾಗಿ ಹೊರಗೆ. ಯಾವಾಗ ಬರುತ್ತಾರೆ: ಬರುವ ತಿಂಗಳು.

ಫಾರಮ್ಮ ಹಾಳೆ ಬದಲಿಸಿದಳು, ರಟ್ಟು ಸರಿಮಾಡಿದಳು. ಮೂರನೇ ಸುತ್ತು. ಯಾವಾಗ ಬರುತ್ತಾರೆ: ಈ ವರ್ಷ. ನಾಲ್ಕನೇ ಸುತ್ತು: ಅವಳ ಸಿಟ್ಟು ಇಳಿದ ಮೇಲೆ. ಐದನೆಯದರಲ್ಲಿ: ನನ್ನ ಸಿಟ್ಟು ಇಳಿದಿದೆ, ಬರಬಹುದು. ಆರನೆಯದರಲ್ಲಿ: ಗೊತ್ತಿಲ್ಲ, ಆದರೆ ಬರುತ್ತಾಳೆ. ಏಳನೆಯದರಲ್ಲಿ ಒಂದೇ ಪದ: ಬರುತ್ತಾಳೆ.

ಪರೀಕ್ಷಿಸುವಾಗ ನಾನು ಈ ಅಂಕಣವನ್ನು ಆರು ಸಲ ದಾಟಿಹೋಗಿದ್ದೆ. ಅಲ್ಲಿ ಅಂಕಿ ಬರೆಯಬೇಕಿರಲಿಲ್ಲ, ಮನೆಯವರ ಮಾತನ್ನು ಹಾಗೇ ಬರೆಯಬೇಕಿತ್ತು, ಹಾಗಾಗಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಎದುರಿಗೆ ನೆಲದ ಮೇಲೆ ಕೂತು, ತಲೆಕೆಳಗಾಗಿ ಕಾಣುತ್ತಿದ್ದ ಆ ಅಕ್ಷರಗಳನ್ನು ಒಂದೊಂದಾಗಿ ಓದಿದೆ.

ತಂಗಿ ಕೊನೆಯ ಹಾಳೆಯ ಮೇಲೆ ಅಂಗೈ ಇಟ್ಟಳು. “ನಾನಿನ್ನೂ ಆ ಮನೆ ಲೆಕ್ಕದಲ್ಲಿದೀನಾ?” ಎಂದಳು. “ಸತ್ತೆ ಅಂದಿದ್ಲು. ಹತ್ತೊಂಬತ್ತು ವರ್ಷ, ಆ ಬಾಗಿಲಿಗೆ ಹೋದ್ರೆ ಮುಖದ ಮೇಲೆ ಹಾಕ್ತಾಳೆ ಅಂತಾನೇ ಅಂದ್ಕೊಂಡಿದ್ದೆ.” ಆಮೇಲೆ ಅತ್ತಳು. ಫಾರಮ್ಮ ರಟ್ಟುಗಳನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ಬೇರೆಯ ಸಾಲು ಕಾಣಬಾರದಲ್ಲ, ಆ ಹೊತ್ತಿನಲ್ಲೂ ರಟ್ಟು ಸರಿಯಲು ಬಿಡಲಿಲ್ಲ.

ಕಣ್ಣೊರೆಸಿಕೊಂಡ ಮೇಲೆ ತಂಗಿ, “ನಿಮ್ಮ ಪ್ರಶ್ನೆ ಕೇಳಿ, ಮುಗಿಸೋಣ” ಎಂದಳು. ಕೇಳಿದೆವು. ಫಾರಂನ ಕೊನೆಯಲ್ಲಿ ಒಂದು ಪ್ರಶ್ನೆಯಿದೆ, ನಮ್ಮ ಇಡೀ ಅಧ್ಯಯನಕ್ಕೆ ಬೇಕಾದದ್ದು: ಮುಂದೆ ಬೇರೆ ಊರಿಗೆ ಹೋಗುವ ಯೋಚನೆ ಇದೆಯೇ? ಹಿಂದಿನ ಮೂರು ಸುತ್ತಿನಲ್ಲೂ ಅವಳು ‘ಇಲ್ಲ’ ಎಂದೇ ಹೇಳಿದ್ದಳು.

“ಇದೆ” ಎಂದಳು.

“ಯಾವಾಗ?” ಎಂದು ನಾನೇ ಕೇಳಿದೆ.

“ನೀವು ವಾಪಸ್ ಹೋಗೋ ರೈಲಲ್ಲಿ.”

“ಎಷ್ಟು ದಿನಕ್ಕೆ?”

“ಅದನ್ನ ಅಕ್ಕನ್ನೇ ಕೇಳ್ಬೇಕು.”

ಗಂಡ, ಮಗಳಿಗೆ ಹೇಳಿ, ಒಂದು ಕೈಚೀಲಕ್ಕೆ ಎರಡು ಜೊತೆ ಬಟ್ಟೆ ತುಂಬಿಕೊಂಡು ಅವಳು ಹೊರಟೇಬಿಟ್ಟಳು. ರೈಲಿನಲ್ಲಿ ಐದು ಸಲ ಮನಸ್ಸು ಬದಲಿಸಿದಳು. ಮುಂದಿನ ಸ್ಟೇಷನ್ನಿನಲ್ಲಿ ಇಳಿದುಬಿಡುತ್ತೇನೆ ಎನ್ನುವಳು, ಸ್ಟೇಷನ್ ಬಂದರೆ ಕಿಟಕಿಯ ಕಂಬಿ ಬಿಗಿಯಾಗಿ ಹಿಡಿದುಕೊಳ್ಳುವಳು. “ಹೊರಟವರು ತಲುಪ್ಲೇಬೇಕು, ಸುಮ್ನೆ ಕೂತ್ಕೋ” ಎಂದು ಗದರಿಸಿದೆ. ನನ್ನ ಗದರಿಕೆ ಒಮ್ಮೆಯಾದರೂ ಉಪಯೋಗಕ್ಕೆ ಬಂತು.

ಬೆಳಗಿನ ಹತ್ತು ಗಂಟೆ. ಹೊಲಿಗೆಯ ಅಕ್ಕನ ಬಾಗಿಲು ತೆರೆದೇ ಇತ್ತು, ಯಂತ್ರದ ಸದ್ದು ಬೀದಿಗೆ ಕೇಳುತ್ತಿತ್ತು. ಫಾರಮ್ಮ ಮೊದಲು ಒಳಗೆ ಹೋದಳು, ಹಿಂದೆ ತಂಗಿ, ಕೊನೆಗೆ ನಾನು. ಯಂತ್ರ ನಿಂತಿತು. ಅಕ್ಕ ತಂಗಿಯನ್ನು ಮೇಲಿಂದ ಕೆಳಗೆ ನೋಡಿದಳು, ಅಳತೆ ತೆಗೆದುಕೊಳ್ಳುವವಳಂತೆ. ಆಮೇಲೆ ಅಕ್ಕ ಫಾರಮ್ಮನ ಕಡೆ ತಿರುಗಿದಳು.

“ನಿನಗೆ ಗೊತ್ತಿತ್ತು.”

“ಗೊತ್ತಿತ್ತು” ಎಂದಳು ಫಾರಮ್ಮ.

“ಎಷ್ಟು ದಿನದಿಂದ?”

“ಒಂಬತ್ತು ವರ್ಷದಿಂದ.”

ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಎತ್ತಿ ಫಾರಮ್ಮನ ಮೇಲೆ ಎಸೆದಳು. “ಒಂಬತ್ತು ವರ್ಷ! ನನ್ನ ಮನೇಲಿ ಕೂತು, ನನ್ನ ಕೈಯಿಂದ ಟೀ ಕುಡಿದು! ಇವಳು ಬದುಕಿದಾಳೋ ಸತ್ತಿದಾಳೋ ಅಂತ ನಾನು ಬೇಯ್ತಾ ಇದ್ರೆ ನೋಡ್ತಾ ಕೂತಿದ್ಯಲ್ಲೇ! ನಿನ್ನದೇನು ಕಲ್ಲು ಹೃದಯನಾ?”

“ನೋಡಮ್ಮ, ನಿಯಮ...” ಎಂದು ನಾನು ಬಾಯಿ ಹಾಕಿದೆ.

“ನೀವು ಸುಮ್ನಿರಿ!”

ಸುಮ್ಮನಾದೆ. ಫಾರಮ್ಮ ಬಟ್ಟೆಯನ್ನು ಹೆಗಲಿನಿಂದ ತೆಗೆದು ಮಡಿಸುತ್ತಾ ನಿಂತಳು. ಇಪ್ಪತ್ತೊಂದು ವರ್ಷದ ಗೆಳತಿಯ ಬೈಗುಳವನ್ನೂ ಆಕೆ ಹೊಟ್ಟೆಯೊಳಗೇ ಇಟ್ಟುಕೊಳ್ಳುವವಳಿದ್ದಳು.

ಆಗ ತಂಗಿ ಬಾಯಿಬಿಟ್ಟಳು. “ಅವರನ್ನ ಬೈಬೇಡ ಅಕ್ಕಾ. ನನಗೂ ಹೇಳ್ಲಿಲ್ಲ. ನಾನೂ ಕೇಳ್ದೆ. ಬಂದಾಗೆಲ್ಲ ಕೇಳ್ದೆ. ಬಾಯೇ ಬಿಡ್ಲಿಲ್ಲ.”

ಅಕ್ಕ ಅವಳ ಕಡೆ ತಿರುಗಿದಳು. “ನೀನು ಕೇಳಿದ್ಯಾ?”

“ಪ್ರತಿ ಸಲ.”

“ಏನಂತ ಕೇಳ್ದೆ?”

“ನಮ್ಮಕ್ಕ ಹೇಗಿದಾಳೆ ಅಂತ.”

ಅಕ್ಕನ ಸಿಟ್ಟು ಹಾಗೇ ಇಳಿದುಹೋಯಿತು. ಕುರ್ಚಿಯ ಬೆನ್ನು ಹಿಡಿದು ನಿಂತುಕೊಂಡಳು. “ಇಲ್ಲೇ ಇದೀನಲ್ಲ” ಎಂದಳು. “ಈಗ ನನ್ನನ್ನೇ ಕೇಳು.”

“ಅಕ್ಕಾ,” ಎಂದಳು ತಂಗಿ, “ಹೇಗಿದೀಯಾ?”

ಉತ್ತರ ನಾವು ಕೇಳಲಿಲ್ಲ. ಫಾರಮ್ಮ ಮಡಿಸಿದ ಬಟ್ಟೆಯನ್ನು ಯಂತ್ರದ ಮೇಲಿಟ್ಟು ನನ್ನ ತೋಳು ಹಿಡಿದು ಹೊರಗೆಳೆದುಕೊಂಡು ಬಂದಳು. ಒಳಗಿನಿಂದ ಇಬ್ಬರ ಅಳುವೂ ಒಟ್ಟಿಗೇ ಕೇಳಿಸಿತು. ಮೆಟ್ಟಿಲ ಮೇಲೆ ಕೂತೆವು. ಇಷ್ಟು ವರ್ಷ ಕಣ್ಣೀರು ಹಾಕಿದ್ದನ್ನು ನಾನು ನೋಡಿರದ ಫಾರಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿದಳು. ಬೀದಿಯ ಮಕ್ಕಳು ದೂರದಲ್ಲಿ ನಿಂತು ನೋಡಿದವು, ಆದರೆ ಕೂಗಲಿಲ್ಲ.

ತುಂಬ ಹೊತ್ತಾದ ಮೇಲೆ ಹಿಂದಿನಿಂದ ಬಾಗಿಲ ಸದ್ದಾಯಿತು. ಹೊಲಿಗೆಯ ಅಕ್ಕ ನಿಂತಿದ್ದಳು, ಕಣ್ಣು ಕೆಂಪಾಗಿತ್ತು, ದನಿಯಲ್ಲಿ ಇನ್ನೂ ಗದರಿಕೆಯಿತ್ತು.

“ಏನೇ, ಮೆಟ್ಟಿಲ ಮೇಲೆ ಯಾಕೆ ಕೂತೆ? ನೀನೇನು ಹೊರಗಿನೋಳಾ? ಬಾ ಒಳಗೆ.”

ಫಾರಮ್ಮ ಮುಖ ಒರೆಸಿಕೊಂಡು ಎದ್ದು, ಚೀಲವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.